ಮುಚ್ಚಿದ ಹಳ್ಳಿ ಟೇಶನ್ನಿನ ವಯಸ್ಸು ಹಚ್ಚೋದು ಹ್ಯಾಂಗ? (ವಾಡಿ–ತಾಂಡೂರ ದಾರಿ)

ಸೇಡಂ ಸೀಮೆ (ಪ್ರಶ್ನೆ):

ವಾಡಿಯಿಂದ ತಾಂಡೂರ ಕಡೆ ಹೋಗೋ ಹಳಿ ಮ್ಯಾಲ, ನಮ್ಮ ಕಲಬುರಗಿ ಜಿಲ್ಲಾದ ಹದ್ದಿನೊಳಗ, ಮುಚ್ಚಿ ಹೋದ ಒಂದು ಟೇಶನ್ ಅದ. ಹೆಸರು ಬೇಕಂತಲೇ ಹಾಕಿಲ್ಲ. ಹಳೆ ಕಬ್ಬಿಣ, ಫರಸಿ ಕಲ್ಲು ಎತ್ತೊಯ್ಯೋರಿಗೆ ವಿಳಾಸ ಕೊಟ್ಟಂಗ ಆಗಬಾರದು. ಶಾಲೆಯ ಗೋಡೆಪತ್ರಿಕೆಗೆ ಇದರ ಇತಿಹಾಸ ಒಂದು ಪುಟ ಬರೀಬೇಕಾಗ್ಯಾದ.

ಈಗಿನ ಸ್ಥಿತಿ ಹಿಂಗದ. ಎರಡು ಕೋಣೆ, ಮುಂದ ಪಡಸಾಲಿ. ಗೋಡೆ ಶಹಾಬಾದ್ ಕಲ್ಲಿಂದು. ಮಾಳಿಗೆಗೆ ತೊಲೆ ಬದಲು ಹಳಿ ತುಂಡು ಹಾಕಿ, ನಡುವ ಇಟ್ಟಿಗೆಯ ಸಣ್ಣ ಕಮಾನು ಕಟ್ಟ್ಯಾರ. ಪ್ಲಾಟ್‌ಫಾರ್ಮ್ ತಗ್ಗಿಂದು, ಅಂಚಿಗೆ ಕಲ್ಲು. ಬೇಲಿ ಕಂಬಗೋಳೂ ಹಳಿ ತುಂಡೇ. ಒಂದು ಕಂಬದ ಮ್ಯಾಲ 1897 ಅಂತ ಉಬ್ಬಿದ ಅಂಕಿ ಅದ, ಅದರ ಬಾಜೂಕ ಕಂಪನಿ ಹೆಸರು ಅರ್ಧಕ್ಕ ಕತ್ತರಿಸಿ ಹೋಗ್ಯಾದ. ಹಿಂಬದಿ ಬಾವಿ. ಹೆಸರಿನ ಹಲಗೆ ಇಲ್ಲ. ಈಗ ಮುಂದಿನಿಂದ ಎರಡು ಹಳಿ ಹಾಯ್ತಾವ, ಮ್ಯಾಲ ಕರೆಂಟಿನ ತಂತಿ. ಯಾವ ಗಾಡಿನೂ ನಿಲ್ಲಂಗಿಲ್ಲ.

ಊರಾಗ ಮೂರು ಮಾತು ನಡೀತಾವ. ಒಬ್ಬರು "1874ರಾಗ ನಿಜಾಮ ಸರ್ಕಾರ ಕಟ್ಟಿಸಿದ್ದು" ಅಂತಾರ. ಇನ್ನೊಬ್ಬರು "ಕಂಬದ ಮ್ಯಾಲೇ ಬರದಾರಲ್ಲ, 1897" ಅಂತಾರ. ಮೂರನೇದವರು "ಜೋಡಿ ಹಳಿ ಬಿದ್ದ ಮ್ಯಾಲ ಮುಚ್ಚಿದ್ರು, ಅದಕ್ಕೂ ಮೊದಲ ಭಾರಿ ನಡೀತಿತ್ತು" ಅಂತಾರ. ಇದರಾಗ ಯಾವುದು ಖರೆ, ಯಾವ ಕಾಗದ ನೋಡಿದ್ರ ಗೊತ್ತಾಗ್ತದ? ತಿಳಿದವರು ಹೇಳ್ರಿ.


ಬಾಲ್ ಟೋಕನ್:

ಮೂರೂ ಖರೆ ಇರಬಹುದು ನೋಡ್ರಿ, ಯಾಕಂದ್ರೆ ಮೂರು ಬೇರೆ ಬೇರೆ ಪ್ರಶ್ನೆಗೆ ಉತ್ತರ ಅವು. "ಟೇಶನ್ ಯಾವಾಗ ಆಯ್ತು" ಅನ್ನೋ ಒಂದೇ ಪ್ರಶ್ನೆ ಒಳಗೆ ನಾಲ್ಕು ತಾರೀಖು ಅಡಗಿರ್ತವೆ: ಹಳಿ ಯಾವಾಗ ಬಂತು, ಆ ಜಾಗದಲ್ಲಿ ಗಾಡಿ ನಿಲ್ಲಿಸಿ ಬಿಡುವ ಅಧಿಕಾರ ಯಾವಾಗ ಕೊಟ್ಟರು, ಆ ಅಧಿಕಾರ ಯಾವಾಗ ತೆಗೆದು ಬರೀ ಹಾಲ್ಟ್ (ಗಾಡಿ ನಿಂತು ಜನ ಹತ್ತಿಳಿಯೋ ಜಾಗ ಅಷ್ಟೇ) ಮಾಡಿದರು, ಕೊನೆಗೆ ಟಿಕೆಟ್ ಕೊಡೋದು ಯಾವಾಗ ನಿಲ್ಲಿಸಿದರು. ಕಟ್ಟಡದ ವಯಸ್ಸು ಈ ನಾಲ್ಕರಲ್ಲಿ ಯಾವುದಕ್ಕೂ ಕೂಡಿ ಬರಬೇಕೆಂದಿಲ್ಲ.

1874 ಹಳಿ ಬಂದ ವರ್ಷ. ಮುಂಬೈಯಿಂದ ರಾಯಚೂರಿಗೆ ಹೋಗುವ ಜಿಐಪಿ (ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆ) ಕಂಪನಿಯ ದಾರಿ 1871ರಲ್ಲಿ ಮದ್ರಾಸ್ ರೈಲ್ವೆಗೆ ಕೂಡಿತು. ಅದರ ಮೇಲಿನ ವಾಡಿಯಿಂದ ಸಿಕಂದರಾಬಾದಿಗೆ ನಿಜಾಮರ ದುಡ್ಡಿನಲ್ಲಿ ಕವಲು ಹಾಕಿ 1874ರಲ್ಲಿ ಶುರು ಮಾಡಿದರು. ಆದರೆ ಆ ವರ್ಷವೇ ಈಗಿರುವ ಎಲ್ಲ ಟೇಶನ್ ಇದ್ದವು ಅಂತ ತಿಳಿಯೋದು ತಪ್ಪು. ಒಂಟಿ ಹಳಿ ಮೇಲೆ ಗಾಡಿ ಕಡಿಮೆ ಇದ್ದಾಗ ದೂರದೂರಕ್ಕೆ ಟೇಶನ್ ಸಾಕು. ಗಾಡಿ ಹೆಚ್ಚಾದಂತೆ ನಡುನಡುವೆ ಹೊಸ ಕ್ರಾಸಿಂಗ್ ಟೇಶನ್ (ಎದುರು ಬರೋ ಗಾಡಿಗೆ ದಾರಿ ಬಿಡಲು ಒಂದು ಗಾಡಿ ಪಕ್ಕದ ಹಳಿಗೆ ಸರಿದು ನಿಲ್ಲೋ ಟೇಶನ್) ತುರುಕುತ್ತ ಹೋಗ್ತಾರೆ.

ಯಾಕೆ ಅನ್ನೋದಕ್ಕೆ ರೈಲ್ವೆಯವರ ಒಂದು ಲೆಕ್ಕ ಇದೆ, ಸ್ಕಾಟ್ ಸೂತ್ರ ಅಂತಾರೆ. ದಿನದ 1440 ನಿಮಿಷವನ್ನು, ಅತಿ ನಿಧಾನದ ಗಾಡಿ ಎರಡು ಟೇಶನ್ ನಡುವೆ ತಗೊಳ್ಳೋ ನಿಮಿಷ ಮತ್ತು ಬ್ಲಾಕ್ ಕೆಲಸದ ನಿಮಿಷ (ಮುಂದಿನ ಟೇಶನ್ ತನಕ ಹಳಿ ಖಾಲಿ ಅಂತ ಖಾತ್ರಿ ಮಾಡಿ ಗಾಡಿ ಬಿಡೋ ಕೆಲಸ; ಡ್ರೈವರಿಗೆ ಅಪ್ಪಣೆಯ ಗುರುತಾಗಿ ಟೋಕನ್ ಕೊಡೋ ಕಡೆ 5) ಕೂಡಿಸಿ ಭಾಗಿಸಬೇಕು, ಬಂದದ್ದನ್ನು 0.7ರಿಂದ ಗುಣಿಸಬೇಕು. 16 ಕಿ.ಮೀ. ದೂರ, ಗೂಡ್ಸ್ ಗಾಡಿ ಗಂಟೆಗೆ 32 ಕಿ.ಮೀ. ಅಂತ ಹಿಡಿಯಿರಿ: ಓಟಕ್ಕೆ 30 ನಿಮಿಷ, ಕೂಡಿಸಿ 35. 1440ನ್ನು 35ರಿಂದ ಭಾಗಿಸಿದರೆ 41, ಅದರ ಏಳು ಹತ್ತಾಂಶ ಸುಮಾರು 29 ಗಾಡಿ, ಹೋಗೋದು ಬರೋದು ಎರಡೂ ಸೇರಿ. ಸರಿಯಾಗಿ ನಡುವೆ ಒಂದು ಟೇಶನ್ ಹಾಕಿದರೆ ಓಟ 15ಕ್ಕೆ ಇಳಿದು ಅದೇ ಹಳಿ 50 ಗಾಡಿ ತಾಳ್ತದೆ. ಜನ ಹತ್ತಲಿ ಬಿಡಲಿ, ಈ ಲೆಕ್ಕಕ್ಕಾಗಿಯೇ ಹೊಲದ ನಡುವೆ ಹುಟ್ಟಿದ ಟೇಶನ್ ಬಹಳ. ನಿಮ್ಮ ಟೇಶನ್ ಊರಿಂದ ದೂರ ಇದ್ದು, ಅಕ್ಕಪಕ್ಕದ ಎರಡು ಟೇಶನ್ನಿಗೆ ಹೆಚ್ಚುಕಡಿಮೆ ಸರಿನಡುವೆ ಇದ್ದರೆ ಅದೂ ಆ ಜಾತಿಯದ್ದೇ ಅಂತ ಅನುಮಾನ ಪಡಬಹುದು.

ಮುಚ್ಚಿದ್ದಕ್ಕೂ ಇದೇ ಲೆಕ್ಕ ತಿರುಗಾ ಮುರುಗಾ. ಜೋಡಿ ಹಳಿ ಆದ ಮೇಲೆ ಎದುರು ಗಾಡಿಗೆ ಕಾಯೋ ಪ್ರಸಂಗವೇ ಇಲ್ಲ. ಹಿಂದಿನಿಂದ ಬಂದು ಮುಂದೆ ಹೋಗೋ ಗಾಡಿಗೆ ದಾರಿ ಬಿಡಲು ಮಾತ್ರ ಲೂಪ್ (ಮುಖ್ಯ ಹಳಿಯಿಂದ ಕವಲೊಡೆದು ಮತ್ತೆ ಅದಕ್ಕೇ ಕೂಡೋ ಪಕ್ಕದ ಹಳಿ) ಬೇಕು, ಅದು ಪ್ರತಿ ಟೇಶನ್ನಿನಲ್ಲೂ ಬೇಕಿಲ್ಲ. ಆಗ ಲೂಪ್ ಕಿತ್ತು, ಸಿಗ್ನಲ್ ತೆಗೆದು, ಮಾಸ್ತರರನ್ನೂ ಹಳಿ ತಿರುಗಿಸೋ ಪಾಯಿಂಟ್ಸ್‌ಮನ್‌ರನ್ನೂ ಬೇರೆ ಕಡೆ ಹಾಕ್ತಾರೆ. ರೈಲ್ವೆ ಭಾಷೆಯಲ್ಲಿ ಬಿ ಕ್ಲಾಸ್ ಟೇಶನ್ ಡಿ ಕ್ಲಾಸ್ ಆಗ್ತದೆ. ಎ, ಬಿ, ಸಿ ಮೂರೂ ಬ್ಲಾಕ್ ಟೇಶನ್. ಡಿ ಅಂದ್ರೆ ಗಾಡಿ ನಿಂತರೂ ಬ್ಲಾಕಿಗೆ ಸಂಬಂಧವಿಲ್ಲದ್ದು. ಟಿಕೆಟ್ ಮಾರಲು ಊರಿನ ಒಬ್ಬರನ್ನು ಕಮಿಷನ್ ಮೇಲೆ ಹಾಲ್ಟ್ ಏಜೆಂಟ್ ಮಾಡ್ತಾರೆ. ಅವರೂ ಬಿಟ್ಟರೆ, ಪ್ಯಾಸೆಂಜರ್ ಗಾಡಿಯೂ ತಪ್ಪಿದರೆ, ಕೊನೆಯ ತಾರೀಖು ಬರ್ತದೆ. 2020ರ ಮಾರ್ಚಿನಲ್ಲಿ ಎಲ್ಲ ಪ್ಯಾಸೆಂಜರ್ ನಿಂತು, ಆಮೇಲೆ ಹೊಸ ವೇಳಾಪಟ್ಟಿಯಲ್ಲಿ ಎಷ್ಟೋ ಹಾಲ್ಟಿನ ಹೆಸರು ಮರಳಿ ಬರಲೇ ಇಲ್ಲ. ನಿಮ್ಮದು ಅದಕ್ಕೂ ಮೊದಲೇ ಹೋಯ್ತೋ ಆಗ ಹೋಯ್ತೋ ನೋಡಿಕೊಳ್ಳಿ.

ಇನ್ನೊಂದು ಕಾರಣ ಜನ ಮರೀತಾರೆ: ಸರಕು. ಈ ಕಡೆ ತೊಗರಿ, ಜೋಳ, ಹತ್ತಿ, ಫರಸಿ ಎಲ್ಲ ಬಿಡಿ ವ್ಯಾಗನ್ನಿನಲ್ಲಿ ತುಂಬ್ತಿದ್ದ ಕಾಲದಲ್ಲಿ ಸಣ್ಣ ಟೇಶನ್ನಿಗೂ ಗೂಡ್ಸ್ ಸೈಡಿಂಗ್ (ಸರಕು ತುಂಬಲು ಬದಿಗೆ ಹಾಕಿದ ಹಳಿ) ಇರ್ತಿತ್ತು. 1980ರ ದಶಕದಲ್ಲಿ ರೈಲ್ವೆ ಇಡೀ ರೇಕ್ (ಒಂದು ಪೂರ್ತಿ ಗಾಡಿಯ ವ್ಯಾಗನ್ನುಗಳು) ತುಂಬೋರಿಗೇ ಮೊದಲ ಮಣೆ ಹಾಕಿದ ಮೇಲೆ ಎರಡು ವ್ಯಾಗನ್ ಕೇಳೋ ವರ್ತಕ ಲಾರಿಗೆ ಹೋದ. ಪ್ಲಾಟ್‌ಫಾರ್ಮಿನ ಒಂದು ತುದಿಗೆ ಎತ್ತರದ ಕಲ್ಲಿನ ಕಟ್ಟೆ ಮತ್ತು ಬಂಡಿ ಬರೋ ದಾರಿಯ ಗುರುತು ಇದೆಯಾ ನೋಡ್ರಿ, ಇದ್ದರೆ ಅಲ್ಲಿ ಸರಕು ತುಂಬ್ತಿದ್ದರು ಅಂತ.


ಫರಸಿ ಕಲ್ಲು:

1897ರ ಕಂಬದ ಬಗ್ಗೆ. ಅದು ಕಂಬ ನೆಟ್ಟ ವರ್ಷ ಅಲ್ಲ, ಕಾರ್ಖಾನೆಯಲ್ಲಿ ಆ ಹಳಿ ಉರುಳಿಸಿದ ವರ್ಷ. ಹಳಿ ಮೊದಲು ಮುಖ್ಯ ದಾರಿಯಲ್ಲಿ ಸವೆಯುತ್ತದೆ, ಆಮೇಲೆ ಲೂಪಿಗೆ, ಆಮೇಲೆ ಸೈಡಿಂಗಿಗೆ ಇಳಿಯುತ್ತದೆ, ಎಲ್ಲ ಮುಗಿದ ಮೇಲೆ ಬೇಲಿ ಕಂಬ ಅಥವಾ ಮಾಳಿಗೆ ತೊಲೆ ಆಗುತ್ತದೆ. ಎರಡು ಮೂರು ದಶಕ ಹಿಂದೆ ಬೀಳುವುದು ಸಹಜ. ಹಾಗಾಗಿ 1897ರ ಹಳಿ ಹೇಳುವುದು ಒಂದೇ ಮಾತು: ಈ ಕಂಬ 1897ಕ್ಕಿಂತ ಹಳೆಯದಲ್ಲ. ಟೇಶನ್ ಬಗ್ಗೆ ಅದು ಏನೂ ಹೇಳುವುದಿಲ್ಲ. ಬೇಲಿ ಯಾವಾಗ ಬೇಕಾದರೂ ಹಾಕಬಹುದು.

ಉಪಯೋಗಕ್ಕೆ ಬರುವುದು ಮಾಳಿಗೆ ಹಳಿಗಳು. ಪ್ರತಿಯೊಂದರ ನಡುಪಟ್ಟಿ ಮೇಲೆ, ಎರಡೂ ಮಗ್ಗುಲು, ಅಂಕಿ ಹುಡುಕಿ. ಸಿಕ್ಕವುಗಳಲ್ಲಿ ಅತಿ ಹೊಸ ವರ್ಷ ಯಾವುದೋ ಅದಕ್ಕಿಂತ ಮಾಳಿಗೆ ಹಳೆಯದಾಗಿರಲು ಸಾಧ್ಯವಿಲ್ಲ. ಗೋಡೆ ಮಾತ್ರ ಹಳೆಯದಿರಬಹುದು, ಮಾಳಿಗೆ ಬದಲಾಯಿಸಿರಬಹುದು. ಗೋಡೆಯ ಮೇಲ್ತುದಿಯಲ್ಲಿ ಕಲ್ಲಿನ ಸಾಲು, ಗಾರೆಯ ಬಣ್ಣ ಬದಲಾಗಿದೆಯಾ ನೋಡಿ.

ಅಂಕಿ ಓದುವ ರೀತಿ: ತಂತಿ ಬ್ರಷ್‌ನಿಂದ ಮೆಲ್ಲಗೆ ತುಕ್ಕು ತೆಗೆಯಿರಿ, ಸುತ್ತಿಗೆ ಉಳಿ ಮುಟ್ಟಬೇಡಿ. ಸೀಮೆಸುಣ್ಣ ಅಡ್ಡ ಉಜ್ಜಿದರೆ ಉಬ್ಬಿದ ಅಕ್ಷರ ಬಿಳಿಯಾಗಿ ಎದ್ದು ಕಾಣುತ್ತದೆ. ಅಷ್ಟೂ ಬೇಡವೆಂದರೆ ಬೆಳಗ್ಗೆ ಅಥವಾ ಸಂಜೆ ಓರೆ ಬಿಸಿಲಿನಲ್ಲಿ ಫೋಟೊ ತೆಗೆಯಿರಿ. ಮಾಳಿಗೆ ಒಳಗಾದರೆ ಟಾರ್ಚ್ ಪಕ್ಕದಿಂದ ಹಿಡಿಯಬೇಕು, ಎದುರಿನಿಂದ ಹಿಡಿದರೆ ಏನೂ ಕಾಣುವುದಿಲ್ಲ. ಹೆಸರು ಅರ್ಧ ಕತ್ತರಿಸಿದ್ದರೆ ಪಕ್ಕದ ಕಂಬ ನೋಡಿ. 42 ಅಡಿಯ ಒಂದು ಹಳಿ ಕತ್ತರಿಸಿದರೆ 7 ಅಡಿಯ ಆರು ಕಂಬ ಆಗುತ್ತವೆ. ಉಳಿದರ್ಧ ಹೆಸರು ಹೆಚ್ಚಾಗಿ ಅಲ್ಲೇ ಎರಡು ಮೂರು ಕಂಬದಾಚೆ ನಿಂತಿರುತ್ತದೆ, ಒಮ್ಮೊಮ್ಮೆ ತಲೆಕೆಳಗಾಗಿ ನೆಲದಲ್ಲಿ ಹೂತು.

ಅಂಕಿಯೇ ಸಿಗದಿದ್ದರೆ ಅಳತೆ ಹಿಡಿಯಿರಿ. 90 ಆರ್ ಹಳಿ (ಗಜಕ್ಕೆ 90 ಪೌಂಡು) ಎತ್ತರ 143 ಮಿ.ಮೀ., ಪಾದ (ಕೆಳಪಟ್ಟಿಯ ಅಗಲ) 136.5. 75 ಆರ್ ಆದರೆ ಎತ್ತರ 128.5, ಪಾದ 122. 52 ಕೆ.ಜಿ. ಹಳಿಯ (ಮೀಟರಿಗೆ 52 ಕೆ.ಜಿ.) ಎತ್ತರ 156, ಪಾದ 136. ಮಾಳಿಗೆಯಲ್ಲಿ 52 ಕೆ.ಜಿ. ಹಳಿ ಕಂಡರೆ, ಅದು ಮೆಟ್ರಿಕ್ ಕಾಲದ್ದಾದ್ದರಿಂದ, ನಿಜಾಮರ ಕಾಲದ ಮಾತು ಅಲ್ಲಿಗೇ ಬಿಟ್ಟುಬಿಡಿ. ತುಕ್ಕು ತಿಂದ ಹಳಿಯಲ್ಲಿ ಒಂದೆರಡು ಮಿ.ಮೀ. ವ್ಯತ್ಯಾಸ ಬರುತ್ತದೆ. ತಲೆ ಸವೆದಿರುವುದರಿಂದ ಎತ್ತರಕ್ಕಿಂತ ಪಾದದ ಅಗಲ ನಂಬಿಕೆಗೆ ಅರ್ಹ. ಆದರೆ 90 ಆರ್‌ಗೂ 52 ಕೆ.ಜಿ.ಗೂ ಪಾದ ಹೆಚ್ಚುಕಡಿಮೆ ಒಂದೇ, ಅವೆರಡನ್ನು ಬೇರೆ ಮಾಡಲು ಎತ್ತರವೇ ಬೇಕು. ಮೇಲೆ ಕೆಳಗೆ ಎರಡೂ ಕಡೆ ಒಂದೇ ಆಕಾರದ ತಲೆ ಇರುವ ಹಳಿ ಕಂಡರೆ ಅದು ಎರಕದ ಕುರ್ಚಿಯಲ್ಲಿ (ಹಳಿಯನ್ನು ಹಿಡಿದಿಡುವ ಕಬ್ಬಿಣದ ಆಸರೆ) ಮರದ ಬೆಣೆ ಹೊಡೆದು ಕೂರಿಸುತ್ತಿದ್ದ ಹಳೆಯ ಜಾತಿ. ಅದರ ಫೋಟೊ ಇಲ್ಲಿ ಹಾಕಿ.

ಗಾರೆ ಬಗ್ಗೆ ಒಂದು ಎಚ್ಚರಿಕೆ. ನಿಂಬೆರಸ ಬಿಟ್ಟು ನೊರೆ ಬಂದರೆ ಸುಣ್ಣದ ಗಾರೆ, ಹಾಗಾಗಿ ಹಳೆಯದು ಎಂದು ಹೇಳುವ ವಿಡಿಯೊಗಳಿವೆ. ಈ ಭಾಗದಲ್ಲಿ ಅದು ನಡೆಯುವುದಿಲ್ಲ. ಶಹಾಬಾದ್ ಕಲ್ಲೇ ಸುಣ್ಣದ ಕಲ್ಲು. ಕಲ್ಲಿನ ಮೇಲೆ ಬಿಟ್ಟರೂ ನೊರೆ, ಅದರ ಪುಡಿ ಸೇರಿದ ಗಾರೆ ಮೇಲೆ ಬಿಟ್ಟರೂ ನೊರೆ, ಸಿಮೆಂಟಿನ ಮೇಲೂ ಅಷ್ಟಿಷ್ಟು ನೊರೆ. ಬದಲಿಗೆ ಮೊಳೆಯಿಂದ ಗೀರಿ ನೋಡಿ: ಸುಣ್ಣದ ಗಾರೆ ಬಿಳಿ ಅಥವಾ ಕೆನೆ ಬಣ್ಣ, ಪುಡಿಯಾಗಿ ಉದುರುತ್ತದೆ, ನಡುವೆ ಅರೆಬೆಂದ ಸುಣ್ಣದ ಬಿಳಿ ಗುಳಿಗೆಗಳು. ಸಿಮೆಂಟು ಬೂದು ಬಣ್ಣ, ಮೊಳೆ ಜಾರುತ್ತದೆ. ಶಹಾಬಾದಿನಲ್ಲಿ ಸಿಮೆಂಟು ತಯಾರಾಗಲು ಶುರುವಾಗಿದ್ದು 1920ರ ದಶಕದಲ್ಲಿ. ಅಲ್ಲಿಂದ ಮುಂದೆ ಈ ದಾರಿಯ ಕಟ್ಟಡಗಳಿಗೆ ಸಿಮೆಂಟು ಪಕ್ಕದಲ್ಲೇ ಸಿಗುತ್ತಿತ್ತು. ಹೊರಗಿನ ಸಂದಿಗೆ ಸಿಮೆಂಟು ಮೆತ್ತಿದ್ದು ಆಮೇಲಿನ ರಿಪೇರಿ ಇರುತ್ತದೆ, ಒಳಗಿನ ಗಾರೆ ನೋಡದೆ ತೀರ್ಮಾನ ಬೇಡ.

ಎರಕದ ಕಬ್ಬಿಣದ ಹದ್ದುಗಲ್ಲು, ಬೆಂಚಿನ ಕಾಲು, ದೀಪದ ಕಂಬ ಏನಾದರೂ ಉಳಿದಿದ್ದರೆ ಅಕ್ಷರ ನೋಡಿ. ಎನ್‌ಜಿಎಸ್‌ಆರ್ (ನಿಜಾಮ್ಸ್ ಗ್ಯಾರಂಟೀಡ್ ಸ್ಟೇಟ್ ರೈಲ್ವೆ) ಎಂದಿದ್ದರೆ ಲಂಡನ್ನಿನ ಕಂಪನಿ ನಡೆಸುತ್ತಿದ್ದ ಕಾಲ, ಅಂದರೆ 1880ರ ದಶಕದಿಂದ 1930ರೊಳಗೆ. ಎನ್‌ಎಸ್‌ಆರ್ (ನಿಜಾಮ್ಸ್ ಸ್ಟೇಟ್ ರೈಲ್ವೆ) ಎಂದಿದ್ದರೆ ಹೆಚ್ಚಾಗಿ 1930ರಲ್ಲಿ ನಿಜಾಮ ಸರ್ಕಾರ ಕೊಂಡುಕೊಂಡ ಮೇಲಿನದು. ಸಿಆರ್ (ಮಧ್ಯ ರೈಲ್ವೆ) 1951ರ ನಂತರ, ಎಸ್‌ಸಿಆರ್ (ದಕ್ಷಿಣ ಮಧ್ಯ ರೈಲ್ವೆ) 1966ರ ಅಕ್ಟೋಬರ್ ನಂತರ.


ಫಾಟಕ:

ಒಂದು ಮಾತು ಮೊದಲೇ. ಮುಚ್ಚಿದ್ದರೂ ಅದು ರೈಲ್ವೆ ಜಾಗ. ಪರವಾನಗಿ ಇಲ್ಲದೆ ಒಳಗೆ ಹೋದರೆ 1989ರ ರೈಲ್ವೆ ಕಾಯ್ದೆಯ 147ನೇ ಕಲಂ: ಆರು ತಿಂಗಳವರೆಗೆ ಸಜೆ ಅಥವಾ ₹1000ವರೆಗೆ ದಂಡ, ಇಲ್ಲವೇ ಎರಡೂ. ಶಾಲೆ ಮಕ್ಕಳನ್ನ ಕರ್ಕೊಂಡು ಹೋಗೋ ವಿಚಾರ ಇದ್ದರಂತೂ ಲಿಖಿತ ಪರವಾನಗಿ ಬೇಕೇ ಬೇಕು. ಆ ಭಾಗದ ಪಿ-ವೇ (ಹಳಿ ನೋಡ್ಕೊಳ್ಳೋ) ಇಂಜಿನಿಯರ್ ಕಚೇರಿಗೆ ಶಾಲೆಯ ಲೆಟರ್‌ಹೆಡ್‌ನಲ್ಲಿ ದಿನ, ಹೊತ್ತು, ಎಷ್ಟು ಮಂದಿ ಅಂತ ಬರೆದು ಕೊಡ್ರಿ, ಜೊತೆಗೆ ಒಬ್ಬ ಸಿಬ್ಬಂದಿ ಕೇಳ್ರಿ.

ಅಳತೆಗೆ ಸ್ಟೀಲ್ ಟೇಪ್ ಒಯ್ಯಬ್ಯಾಡ್ರಿ. ಮೇಲೆ 25,000 ವೋಲ್ಟ್ ಅದ. ಬಟ್ಟೆ ಅಥವಾ ಫೈಬರ್ ಟೇಪ್ ಇರಲಿ. ಉದ್ದನೆ ಕೋಲು, ಛತ್ರಿ, ಸೆಲ್ಫಿ ಸ್ಟಿಕ್ ಯಾವುದೂ ಎತ್ತಬ್ಯಾಡ್ರಿ. ಬಾವಿಗೆ ಕಟ್ಟೆ ಅದನೋ ಇಲ್ಲೋ ಮೊದಲು ನೋಡ್ರಿ. ಇಂಥಾ ಕಡೆ ಜಾಲಿ ಬೆಳದು ಬಾವಿ ಬಾಯಿ ಕಾಣೋದೇ ಇಲ್ಲ.


ಗಾಣಗಾಪುರ ರೋಡ್:

ಹೆಸರು ಹಲಗೆ ಇಲ್ಲ ಅಂದ್ರಿ. ಹುಡುಕುವಾಗ ಒಂದೇ ಹೆಸರು ಹಿಡಿದು ಕೂಡಬೇಡಿ. ಹಳೆ ಇಂಗ್ಲಿಷ್ ಕಾಗದದಲ್ಲಿ ಸೇಡಂ ಅನ್ನೋದು ಸೇರಂ ಆಗಿದೆ, ಮಳಖೇಡ ಮಲ್ಖೈದ್ ಆಗಿದೆ, ಕಲಬುರಗಿ ಗುಲ್ಬರ್ಗಾ, ಕುಲ್ಬರ್ಗಾ ಎರಡೂ ಆಗಿದೆ. ಕಲಬುರಗಿ ಟೇಶನ್ನಿನ ಕೋಡ್ ಸಹ ಜಿಆರ್ ಇದ್ದದ್ದು ಕೆಎಲ್‌ಬಿಜಿ ಆಗಿದೆ. ಹೆಸರಿನ ಹಿಂದೆ "ರೋಡ್" ಇದ್ದರೆ ಊರು ದೂರ, ಇಲ್ಲಿಳಿದು ರಸ್ತೆ ಹಿಡಿಯಿರಿ ಅಂತ ಅರ್ಥ: ಮಳಖೇಡ ರೋಡ್, ಗಾಣಗಾಪುರ ರೋಡ್. ಅಂಥ ಟೇಶನ್ನಿಗೆ ಮೊದಲು ಪಕ್ಕದ ಸಣ್ಣ ಹಳ್ಳಿಯ ಹೆಸರೂ ಇದ್ದಿರಬಹುದು.


ಹಳೆ ದಫ್ತರ:

ಕಾಗದದ ವಿಷಯಕ್ಕೆ ಬರುತ್ತೇನೆ. ಯಾವುದು ಮೊದಲು ಎಂಬುದು ಮುಖ್ಯ, ಇಲ್ಲವಾದರೆ ವರ್ಷಗಟ್ಟಲೆ ಅಲೆದಾಟ.

ಮೊದಲು ನಕಾಶೆ. ಸರ್ವೆ ಆಫ್ ಇಂಡಿಯಾದ ಹಾಳೆ ಸಂಖ್ಯೆ ಹೀಗೆ: ವಾಡಿ 56 ಸಿ/16, ಚಿತ್ತಾಪುರ 56 ಜಿ/4, ಸೇಡಂ 56 ಜಿ/8. (ಇದನ್ನು ಓದುವ ಬೇರೆಯವರಿಗಾಗಿ: ಕಲಬುರಗಿ 56 ಸಿ/15, ಯಾದಗಿರಿ 56 ಎಚ್/1, ಬೀದರ್ 56 ಜಿ, ಭಾಲ್ಕಿ 56 ಎಫ್.) ಒಂದೇ ಹಾಳೆಯ ಬೇರೆ ಬೇರೆ ಮುದ್ರಣ ಇಟ್ಟು ಹೋಲಿಸಬೇಕು. ಒಂದರಲ್ಲಿ ಇಲ್ಲದ ಟೇಶನ್ ಮುಂದಿನದರಲ್ಲಿ ಬಂದರೆ ಹುಟ್ಟಿದ ಕಾಲ ಆ ಎರಡರ ನಡುವೆ. ಇಲ್ಲಿ ಎಲ್ಲರೂ ಮಾಡುವ ತಪ್ಪು ಮುದ್ರಣದ ವರ್ಷ ಹಿಡಿಯುವುದು. ಅಂಚಿನಲ್ಲಿ ಸಣ್ಣಕ್ಷರದಲ್ಲಿ ಬರೆದ ಸರ್ವೆ ವರ್ಷ ಹಿಡಿಯಿರಿ. ಎರಡರ ನಡುವೆ ಬಹಳ ವರ್ಷ ಅಂತರ ಇರುವುದುಂಟು. 1950ರ ದಶಕದ ಸ್ಥಿತಿಗೆ ಅಮೆರಿಕದ ಆರ್ಮಿ ಮ್ಯಾಪ್ ಸರ್ವಿಸ್ ಮುದ್ರಿಸಿದ 1:2,50,000 ಅಳತೆಯ ನಕಾಶೆಗಳು ಟೆಕ್ಸಾಸ್ ವಿಶ್ವವಿದ್ಯಾಲಯದ ಜಾಲತಾಣದಲ್ಲಿ ಪುಕ್ಕಟೆ ಸಿಗುತ್ತವೆ.

ಎರಡನೆಯದು ಊರಿನ ಗ್ರಾಮ ನಕಾಶೆ. ರಾಜ್ಯ ಭೂದಾಖಲೆ ಇಲಾಖೆಯ ಜಾಲತಾಣದಿಂದ ಪಿಡಿಎಫ್ ಇಳಿಸಿಕೊಳ್ಳಬಹುದು. ರೈಲ್ವೆ ಜಾಗ ಉದ್ದಕ್ಕೂ ಒಂದೇ ಅಗಲದ ಪಟ್ಟಿಯಾಗಿ ಹೋಗುತ್ತದೆ, ಟೇಶನ್ ಇದ್ದಲ್ಲಿ ಹೊಟ್ಟೆ ಬಂದಂತೆ ಅಗಲವಾಗುತ್ತದೆ. ಆ ಹೊಟ್ಟೆಗೆ ಬೇರೆ ಸರ್ವೆ ನಂಬರ್ ಅಥವಾ ಹಿಸ್ಸಾ ಇದ್ದರೆ ಬಹಳ ಒಳ್ಳೆಯದು: ಮೊದಲ ಹಳಿಯ ಜೊತೆಗಲ್ಲ, ಆಮೇಲೆ ಬೇರೆಯಾಗಿ ಜಾಗ ತೆಗೆದುಕೊಂಡರು ಎಂಬುದರ ಸೂಚನೆ ಅದು. ತಹಶೀಲ್ದಾರ ಕಚೇರಿಯ ರೆಕಾರ್ಡ್ ರೂಮಿನಲ್ಲಿ ಆ ನಂಬರಿನ ಸೇತವಾರ (ಸರ್ವೆ ನಂಬರುವಾರು ಹಳೆಯ ಭೂಮಿ ರಿಜಿಸ್ಟರ್) ಮತ್ತು 1954–55ರ ಖಾಸ್ರಾ ಪಹಣಿ ನಕಲು ಕೇಳಿ. ರೈಲ್ವೆಗೆ ಹೋದ ಎಕರೆ ಗುಂಟೆ ಅದರಲ್ಲಿ ಇರುತ್ತದೆ. ಈಗಿನ ಪಹಣಿ ಮಾತ್ರ ತೆಗೆದರೆ "ರೈಲ್ವೆ ಇಲಾಖೆ" ಎಂದಷ್ಟೇ ಬರುತ್ತದೆ, ಇತಿಹಾಸ ಏನೂ ಇಲ್ಲ.

ನಿಜಾಮರ ಕಾಲದ ಕಾಗದದಲ್ಲಿ ತಾರೀಖು ಫಸಲಿಯಲ್ಲಿ (ಕಂದಾಯದ ವರ್ಷದ ಎಣಿಕೆ) ಇರುತ್ತದೆ. ಹೈದರಾಬಾದ್ ಸರ್ಕಾರದ ಫಸಲಿ ವರ್ಷ ಅಕ್ಟೋಬರ್ 6ರ ಸುಮಾರಿಗೆ, ಆಜುರ್ ತಿಂಗಳಿಂದ ಶುರು. ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗಿನ ತಾರೀಖಿಗೆ 590 ಕೂಡಿಸಬೇಕು, ಜನವರಿಯಿಂದ ಮುಂದಿನದಕ್ಕೆ 591. ಉದಾಹರಣೆಗೆ 1340ರ ಆಜುರ್ ಅಂದರೆ 1930ರ ಅಕ್ಟೋಬರ್, ಅದೇ 1340ರ ತೀರ್ (ಜನವರಿ ದಾಟಿದ ಮೇಲೆ ಬರುವ ತಿಂಗಳು) ಅಂದರೆ 1931. ಎಲ್ಲಕ್ಕೂ 590 ಕೂಡಿಸಿ ಒಂದು ವರ್ಷ ತಪ್ಪು ಬರೆದ ಸ್ಥಳ ಇತಿಹಾಸಗಳು ಬೇಕಾದಷ್ಟಿವೆ. ಮದ್ರಾಸ್, ಮುಂಬೈ ಕಡೆಯ ಫಸಲಿಗೆ ಲೆಕ್ಕ ಬೇರೆ, ಅದನ್ನು ಇಲ್ಲಿ ಬಳಸಬೇಡಿ. 1880ರ ದಶಕದವರೆಗಿನ ಕಾಗದ ಫಾರ್ಸಿ, ಆಮೇಲಿನದು ಉರ್ದು. ಓದಲು ಶಿಕಸ್ತ ಎಂಬ ವೇಗದ ಕೈಬರಹ ಬಲ್ಲವರು ಬೇಕು, ಅಚ್ಚಿನ ಉರ್ದು ಓದುವವರಿಗೆಲ್ಲ ಅದು ಬರುವುದಿಲ್ಲ.

ಮೂಲ ಕಡತಗಳು ಎಲ್ಲಿ ಎಂಬುದು ಯಾರು ಯಾವಾಗ ನಡೆಸಿದರು ಎಂಬುದರ ಮೇಲೆ ನಿಂತಿದೆ. ಮೊದಲ ವರ್ಷಗಳಲ್ಲಿ ಜಿಐಪಿ, ಆಮೇಲೆ ಗ್ಯಾರಂಟೀಡ್ ಕಂಪನಿ, 1930ರಿಂದ ನಿಜಾಮ ಸರ್ಕಾರ, 1951ರ ನವೆಂಬರ್‌ನಿಂದ ಮಧ್ಯ ರೈಲ್ವೆ, 1966ರ ಅಕ್ಟೋಬರ್ 2ರಿಂದ ದಕ್ಷಿಣ ಮಧ್ಯ ರೈಲ್ವೆ. ನಿಜಾಮ ಸರ್ಕಾರದ್ದು ಹೈದರಾಬಾದಿನ ತಾರ್ನಾಕದಲ್ಲಿರುವ ತೆಲಂಗಾಣ ರಾಜ್ಯ ಪತ್ರಾಗಾರದಲ್ಲಿದೆ. ಬ್ರಿಟಿಷ್ ಸರ್ಕಾರದ ಪತ್ರವ್ಯವಹಾರ ದೆಹಲಿಯ ರಾಷ್ಟ್ರೀಯ ಅಭಿಲೇಖಾಗಾರದಲ್ಲಿ. ಅಭಿಲೇಖ್ ಪಟಲ್ ಜಾಲತಾಣದಲ್ಲಿ ಹೆಸರು ನೋಂದಾಯಿಸಿ ಮನೆಯಿಂದಲೇ ಹುಡುಕಬಹುದು. ಅಲ್ಲಿ ರೈಲ್ವೆ ಶಾಖೆ ಮಾತ್ರ ನೋಡಿ ಏನೂ ಇಲ್ಲ ಎಂದು ಬಿಡಬೇಡಿ. ಹೈದರಾಬಾದ್ ದೇಶೀ ಸಂಸ್ಥಾನವಾದ್ದರಿಂದ ಬಹಳಷ್ಟು ವಿದೇಶಾಂಗ ಶಾಖೆಯ ಕಡತಗಳಲ್ಲಿ ಸೇರಿಕೊಂಡಿದೆ.

ಗಡಿಯ ಹತ್ತಿರದ ಟೇಶನ್ ಆದರೆ ಇನ್ನೊಂದು ನೆನಪಿಡಿ: 1956ರ ನವೆಂಬರ್ 1ರವರೆಗೆ ತಾಂಡೂರ ಮತ್ತು ಕೊಡಂಗಲ್ ತಾಲೂಕುಗಳು ಗುಲ್ಬರ್ಗಾ ಜಿಲ್ಲೆಯಲ್ಲೇ ಇದ್ದವು. ಗಡಿ ಆಚೀಚೆ ಆದಾಗ ಕಂದಾಯದ ಕಟ್ಟುಗಳೂ ಆಚೀಚೆ ಆಗಿವೆ.

ಮುಚ್ಚಿದ ತಾರೀಖಿಗೆ ಇಷ್ಟೆಲ್ಲ ಬೇಕಿಲ್ಲ. ಮಾಹಿತಿ ಹಕ್ಕು ಅರ್ಜಿ ಸಾಕು. ಕೇಂದ್ರದ ಆನ್‌ಲೈನ್ ಪೋರ್ಟಲ್, ಶುಲ್ಕ ₹10, ಉತ್ತರಕ್ಕೆ 30 ದಿನ, ನಕಲು ಪುಟಕ್ಕೆ ₹2. ನಿಮ್ಮ ದಾರಿ ಸಿಕಂದರಾಬಾದ್ ವಿಭಾಗದ್ದು. ಕಲಬುರಗಿ–ಶಹಾಬಾದ್ ಆದರೆ ಸೊಲ್ಲಾಪುರ ವಿಭಾಗ. ಯಾದಗಿರಿ ಕಡೆಯ ಹಳೆ ಕಡತಕ್ಕೆ ಗುಂತಕಲ್. ಒಂದೇ ಸೀಮೆಗೆ ಮೂರು ವಿಭಾಗ, ಮೂರೂ ರಾಜ್ಯದ ಹೊರಗೆ! ತಪ್ಪು ಕಡೆ ಹೋದ ಅರ್ಜಿಯನ್ನು 5 ದಿನದೊಳಗೆ ಸರಿಯಾದ ಕಡೆಗೆ ಕಳಿಸಬೇಕು ಎಂದು 6(3)ನೇ ಕಲಂ ಹೇಳುತ್ತದೆ, ಆದರೂ ಮೊದಲೇ ಸರಿಯಾಗಿ ಹಾಕುವುದು ಜಾಣತನ.


ಸೇಡಂ ಸೀಮೆ:

ಎಲ್ಲರಿಗೂ ಶರಣು. ಪರವಾನಗಿ ತಗೊಂಡು, ಪಿ-ವೇ ಸಿಬ್ಬಂದಿ ಸಂಗಟ ಅಳತೆ ಹಿಡದಾಯ್ತು. ಮಾಳಿಗೆಯೊಳಗ ಐದು ಹಳಿ. ಎರಡರ ಮ್ಯಾಲ ಅಂಕಿ ಸಿಕ್ಕಾವ: 1897 ಮತ್ತ 1911. ಉಳಿದ ಮೂರರ ಪಾದ 122 ಮಿ.ಮೀ. ಒಳಗಿನ ಗಾರೆ ಬಿಳಿ, ಗುಳಿಗೆ ಅದಾವ.

ಹಳೆ ಪ್ಲಾಟ್‌ಫಾರ್ಮಿನ ಕಲ್ಲಿನ ಅಂಚಿನಿಂದ ಈಗಿನ ಹತ್ತಿರದ ಹಳಿಯ ನಡುಮಧ್ಯಕ್ಕ 6.40 ಮೀಟರ್. ನಡುವ ಬರೇ ಕಂಕರ್, ಹುಲ್ಲು. ಉಪಗ್ರಹದ ಚಿತ್ರದಾಗ ಆ ಕಂಕರಿನ ಪಟ್ಟಿ ಎರಡೂ ತುದಿಗೆ ಮುಖ್ಯ ಹಳಿಗೆ ಕೂಡೋ ತನಕ ಸುಮಾರು 820 ಮೀಟರ್ ಬರ್ತದ. ಕಟ್ಟಡದ ಬಾಜೂಕ ಕಿಟಕಿ ಇಲ್ಲದ ಒಂದು ಕಾಂಕ್ರೀಟ್ ಖೋಲಿ ಅದ, ಕಬ್ಬಿಣದ ಬಾಗಿಲು. ಎತ್ತರದ ಕಟ್ಟೆ ಇಲ್ಲ. ನೆಲದಾಗ ಸಣ್ಣ ಗಾಲಿ ಇರೋ ಗಿಡ್ಡ ಕಂಬ ಮೂರು ನಾಲ್ಕು ಬಿದ್ದಾವ.


ಬಾಲ್ ಟೋಕನ್:

ಬಹಳ ಚೊಲೊ ಅಳತೆ. ಬ್ರಾಡ್‌ಗೇಜಿನಲ್ಲಿ ಪ್ಲಾಟ್‌ಫಾರ್ಮ್ ಅಂಚು ಹಳಿ ಮಧ್ಯದಿಂದ 5 ಅಡಿ 6 ಇಂಚು, ಅಂದ್ರೆ ಸುಮಾರು 1.68 ಮೀಟರ್ ಇರಬೇಕು. 6.40ರಲ್ಲಿ 1.68 ಕಳೆದರೆ 4.72. ಹಳೆ ಯಾರ್ಡುಗಳಲ್ಲಿ ಪಕ್ಕಪಕ್ಕದ ಎರಡು ಹಳಿಯ ಮಧ್ಯದ ಅಂತರ 15 ಅಡಿ 6 ಇಂಚು, ಅದು 4.725 ಮೀಟರ್. ಸರಿಯಾಗಿ ಒಂದು ಲೂಪ್ ಕಿತ್ತ ಜಾಗ. ಪ್ಲಾಟ್‌ಫಾರ್ಮ್ ಇದ್ದದ್ದು ಆ ಲೂಪಿಗೆ, ಮುಖ್ಯ ಹಳಿಗಲ್ಲ.

820ರಲ್ಲಿ ಎರಡು ತುದಿಯ ಕವಲಿಗೆ 60–70 ಮೀಟರ್ ಒಂದೊಂದು ಕಡೆ ಬಿಟ್ಟರೆ ಉಳಿಯೋದು 680–700. ಬ್ರಾಡ್‌ಗೇಜ್ ಲೂಪಿನಲ್ಲಿ ಪೂರ್ಣ ಉದ್ದದ ಗೂಡ್ಸ್ ನಿಲ್ಲಲು ಬಹಳ ಕಾಲ ಹಿಡಿದಿದ್ದ ಅಳತೆ 686 ಮೀಟರ್. ನಿಜಾಮರ ಕಾಲದ ಸಣ್ಣ ಗಾಡಿಗೆ ಇಷ್ಟುದ್ದ ಬೇಕಿರಲಿಲ್ಲ. ಅಂದ್ರೆ ಲೂಪನ್ನು ಆಮೇಲೆ ಉದ್ದ ಮಾಡಿದ್ದಾರೆ. ಟೇಶನ್ ದುಡೀತಾನೇ ಇತ್ತು.

ಗಾಲಿ ಇರೋ ಗಿಡ್ಡ ಕಂಬ ಸಿಗ್ನಲ್ ತಂತಿಯವು: ಲಿವರ್ ಎಳೆದರೆ ತಂತಿ ಆ ಗಾಲಿ ಮೇಲೆ ಓಡಿ ದೂರದ ಕೈಮರ ಇಳೀತಿತ್ತು. ಕಿಟಕಿ ಇಲ್ಲದ ಕಾಂಕ್ರೀಟ್ ಖೋಲಿ ರಿಲೇ ರೂಮ್ (ಸಿಗ್ನಲ್ಲಿನ ವಿದ್ಯುತ್ ಸಾಧನ ಇಡೋ ಖೋಲಿ), ಅಂದ್ರೆ ಬಣ್ಣದ ದೀಪದ ಸಿಗ್ನಲ್ ಬಂದ ಮೇಲೂ ಇಲ್ಲಿ ಕೆಲಸ ನಡೆದಿದೆ. ರಿಲೇ ರೂಮ್ ಕಟ್ಟಿ ಖರ್ಚು ಮಾಡಿದ ಟೇಶನ್ನನ್ನು ಮರುವರ್ಷವೇ ಯಾರೂ ಮುಚ್ಚೋದಿಲ್ಲ. ಊರಿನ ಮೂರನೇ ಮಾತಿಗೆ ಇದು ಬಲವಾದ ಸಾಕ್ಷಿ.

ಯಾರ ಮನೆಯಲ್ಲಾದರೂ ಟೆನಿಸ್ ಚೆಂಡಿನಷ್ಟು ಉಕ್ಕಿನ ಗುಂಡು ಇದ್ದರೆ, ಅದರ ಮೇಲೆ ಎರಡು ಟೇಶನ್ನಿನ ಗುರುತು ಕೆತ್ತಿದ್ದರೆ, ಅದು ನೀಲ್ಸ್ ಬಾಲ್ ಟೋಕನ್. ಬೆತ್ತದ ಬಳೆಗೆ ಚೀಲ ಕಟ್ಟಿ ಡ್ರೈವರಿಗೆ ಕೊಡ್ತಿದ್ದದ್ದು. ಫೋಟೊ ತೆಗೆದು ಕೆತ್ತನೆ ಬರ್ಕೊಳ್ರಿ. ರೈಲ್ವೆ ಸೊತ್ತು ಅದು, ಶಾಲೆ ಪ್ರದರ್ಶನಕ್ಕೆ ಇಡಬ್ಯಾಡ್ರಿ.


ಫರಸಿ ಕಲ್ಲು:

122 ಮಿ.ಮೀ. ಪಾದ 75 ಆರ್‌ಗೆ ಹೊಂದುತ್ತದೆ. 1911 ಅತಿ ಹೊಸದು ಎಂದಾದರೆ ಮಾಳಿಗೆ 1911ಕ್ಕಿಂತ ಈಚಿನದು, ಹಳಿ ಸವೆದು ಬಂದ ಕಾಲ ಸೇರಿಸಿದರೆ 1930ರ ಆಸುಪಾಸು ಎಂದು ಊಹಿಸಬಹುದು. ಒಳಗೆ ಸುಣ್ಣದ ಗಾರೆಯೇ ಇರುವುದರಿಂದ ಅದಕ್ಕಿಂತ ಬಹಳ ಈಚೆಗೆ ತರಲು ನನಗೆ ಮನಸ್ಸಿಲ್ಲ. ಇದು ಊಹೆ ಮಾತ್ರ, ಗೋಡೆಪತ್ರಿಕೆಯಲ್ಲೂ ಹಾಗೆಂದೇ ಬರೆಯಿರಿ. 1874ರದ್ದು ಈ ಮಾಳಿಗೆ ಅಲ್ಲ ಎಂಬುದು ಮಾತ್ರ ಖಚಿತ.


ಸೇಡಂ ಸೀಮೆ:

ಮಾಹಿತಿ ಹಕ್ಕಿಗೆ ಹಿಂಗ ಬರದೀನಿ: "1. ಈ ಟೇಶನ್ ಯಾವಾಗ ಶುರುವಾಯಿತು? 2. ಯಾಕೆ ಮುಚ್ಚಲಾಯಿತು? 3. ಮತ್ತೆ ಯಾವಾಗ ತೆರೆಯುತ್ತೀರಿ? 4. ಇದಕ್ಕೆ ಸಂಬಂಧಿಸಿದ ಎಲ್ಲ ದಾಖಲೆ ಕೊಡಿ." ಸಾಕೇನು?


ಹಳೆ ದಫ್ತರ:

ಸಾಲದು. "ಯಾಕೆ" ಮತ್ತು "ಯಾವಾಗ ತೆರೆಯುತ್ತೀರಿ" ಎರಡೂ ದಾಖಲೆ ಅಲ್ಲ, ಅಭಿಪ್ರಾಯ ಕೇಳಿದಂತೆ. ಆ ನೆಪದಲ್ಲಿ ಇಡೀ ಅರ್ಜಿ ಬದಿಗಿಡುತ್ತಾರೆ. "ಎಲ್ಲ ದಾಖಲೆ" ಎಂದರೆ "ಲಭ್ಯವಿಲ್ಲ" ಎಂಬ ಒಂದು ಸಾಲಿನ ಉತ್ತರ. ಕಾಗದದ ಹೆಸರು ಹಿಡಿದು ಕೇಳಬೇಕು (ವರ್ಕಿಂಗ್ ರೂಲ್ಸ್ ಅಂದರೆ ಆ ಟೇಶನ್ ನಡೆಸುವ ನಿಯಮ, ಸ್ಕೇಲ್ ಪ್ಲಾನ್ ಅಂದರೆ ಅದರ ಅಳತೆಯ ನಕ್ಷೆ). ಹೀಗೆ ತಿದ್ದಿ:

"ಈ ಟೇಶನ್ನಿನ ಕೊನೆಯ ಸ್ಟೇಷನ್ ವರ್ಕಿಂಗ್ ರೂಲ್ಸ್ ಮತ್ತು ಅದರ ನಕ್ಷೆಯ ನಕಲು, ಲೂಪ್ ತೆಗೆಯಲು ರೈಲ್ವೆ ಸುರಕ್ಷತಾ ಆಯುಕ್ತರು ಕೊಟ್ಟ ಮಂಜೂರಾತಿ ಪತ್ರದ ನಕಲು, ಬ್ಲಾಕ್ ಟೇಶನ್ ವರ್ಗದಿಂದ ಇಳಿಸಿದ ಆದೇಶದ ನಕಲು, ಟಿಕೆಟ್ ನೀಡಿಕೆ ನಿಲ್ಲಿಸಿದ ವಾಣಿಜ್ಯ ವಿಭಾಗದ ಪ್ರಕಟಣೆಯ ನಕಲು, ಇಂಜಿನಿಯರಿಂಗ್ ಸ್ಕೇಲ್ ಪ್ಲಾನ್‌ನ ಪರಿಶೀಲನೆಗೆ ಅವಕಾಶ. ಯಾವುದಾದರೂ ನಾಶಪಡಿಸಿದ್ದರೆ ನಾಶಪಡಿಸಿದ ಆದೇಶದ ನಕಲು."

ಕೊನೆಯ ವಾಕ್ಯ ಬಿಡಬೇಡಿ. ಅದು ಇದ್ದರೆ ಸುಮ್ಮನೆ "ಇಲ್ಲ" ಎನ್ನುವುದು ಕಷ್ಟವಾಗುತ್ತದೆ. ಅರ್ಜಿ 500 ಪದದೊಳಗೆ ಇರಲಿ. ಪರಿಶೀಲನೆಗೆ ಮೊದಲ ಒಂದು ಗಂಟೆ ಶುಲ್ಕವಿಲ್ಲ, ಆಮೇಲೆ ಗಂಟೆಗೆ ₹5. ಪ್ಲಾನ್ ಹಾಳೆ ದೊಡ್ಡದು, ನಕಲಿಗೆ ಬೇರೆ ದರ ಹೇಳುತ್ತಾರೆ. ಅಲ್ಲೇ ಕೂತು ಮೂಲೆಯಲ್ಲಿರುವ ತಿದ್ದುಪಡಿ ಪಟ್ಟಿ ಬರೆದುಕೊಂಡರೆ ಸಾಕು. ಲೂಪ್ ಉದ್ದ ಮಾಡಿದ್ದು, ಕಿತ್ತದ್ದು, ರಿಲೇ ರೂಮ್ ಸೇರಿಸಿದ್ದು ಎಲ್ಲ ತಾರೀಖು ಸಮೇತ ಆ ಮೂಲೆಯಲ್ಲೇ ಇರುತ್ತದೆ. 30 ದಿನದಲ್ಲಿ ಉತ್ತರ ಬಾರದಿದ್ದರೆ ಅಲ್ಲಿಂದ 30 ದಿನದೊಳಗೆ ಮೊದಲ ಮೇಲ್ಮನವಿ, ಅದಕ್ಕೆ ಶುಲ್ಕ ಇಲ್ಲ. ನೋಂದಣಿ ಸಂಖ್ಯೆ ಶಾಲೆಯ ರಿಜಿಸ್ಟರಿನಲ್ಲೂ ಒಂದು ಕಡೆ ಬರೆದಿಡಿ. ಉತ್ತರ ಬರುವವರೆಗೆ ಗ್ರಾಮ ನಕಾಶೆ ಇಳಿಸಿ, ಹೊಟ್ಟೆಯ ಭಾಗದ ಸರ್ವೆ ನಂಬರ್ ಇಲ್ಲಿ ಹಾಕಿ, ನೋಡೋಣ.


ಸೇಡಂ ಸೀಮೆ:

ನಕಾಶೆ ಇಳಿಸೀನ್ರಿ. ಹೊಟ್ಟೆ ಅದ, ಖರೆ. ಅದಕ್ಕ ಬ್ಯಾರೇ ಹಿಸ್ಸಾ ನಂಬರ್ರೇ ಅದ. ನಾಳೆ ತಹಶೀಲ್ ಕಚೇರಿಗೆ ಸೇತವಾರ ಕೇಳಾಕ ಹೊಂಟೀನಿ.